ಸಂಪಾದಕರ ಉತ್ತರ: ಸೋದರಮಾವನ ತಮಾಷೆಯೂ ಸಂಶೋಧನೆಯ ವಸ್ತುವೇ

ಮದ್ದೂರಿನಿಂದ ಓದುಗರೊಬ್ಬರು ಬರೆದಿದ್ದಾರೆ. ಮಗಳು ಕನ್ನಡ ಎಂ.ಎ. ಮುಗಿಸಿದ್ದಾಳೆ. ಹಾಸ್ಯದ ಮೇಲೆ ಪಿಎಚ್‌ಡಿ ಮಾಡ್ತೀನಿ ಅಂತ ಹಟ ಹಿಡಿದಿದ್ದಾಳೆ. ಇವರ ತಮ್ಮ, ಅಂದರೆ ಹುಡುಗಿಯ ಸೋದರಮಾವ, ಮನೆಗೆ ಬಂದಾಗಲೆಲ್ಲ "ಏನಮ್ಮಾ ಡಾಕ್ಟ್ರೇ, ಇವತ್ತು ಎಷ್ಟು ಸಲ ನಕ್ಕೆ, ಲೆಕ್ಕ ಬರ್ಕೊಂಡ್ಯಾ?" ಅಂತ ಕಾಡುತ್ತಾರಂತೆ. ಪತ್ರದ ಕೊನೆಗೆ ಎರಡು ಪ್ರಶ್ನೆ ಇವೆ. ಹಾಸ್ಯದಲ್ಲಿ ಸಂಶೋಧನೆ ಮಾಡುವಂಥದ್ದು ಏನಿದೆ? ನಗುವನ್ನು ಬಿಡಿಸಿ ಬಿಡಿಸಿ ನೋಡಿದರೆ ನಗುವೇ ಹೊರಟುಹೋಗುವುದಿಲ್ಲವೇ?

ನಮಸ್ಕಾರ ಅಮ್ಮಾ. ಎರಡನೆಯದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ, ಅದು ಸುಲಭ. ನೀವು ಮಂಡ್ಯ ಸೀಮೆಯವರು. ಆಲೆಮನೆಯಲ್ಲಿ ಕಬ್ಬಿನ ಹಾಲು ಕುದಿಯುವುದನ್ನು ನಿಂತು ನೋಡಿದವರಿಗೆ ಆಮೇಲೆ ಬೆಲ್ಲ ಸಪ್ಪೆಯಾಗಿದ್ದನ್ನು ಎಲ್ಲಾದರೂ ಕಂಡಿದ್ದೀರಾ?

ಮೊದಲನೆಯ ಪ್ರಶ್ನೆಗೆ ಉತ್ತರ ನಿಮ್ಮ ತಮ್ಮನ ಮಾತಿನಲ್ಲೇ ಇದೆ. ಅದೇ ಮಾತನ್ನು ಹುಡುಗಿಯ ದೊಡ್ಡಪ್ಪ ಆಡಿದ್ದರೆ ಏನಾಗುತ್ತಿತ್ತು? ಅವತ್ತು ಮನೆಯಲ್ಲಿ ಯಾರಿಗೂ ಊಟ ಸೇರುತ್ತಿರಲಿಲ್ಲ. ಸೋದರಮಾವ ಆಡಿದ್ದಕ್ಕೆ ಅವಳೂ ತಿರುಗಿಸಿ ಒಂದು ಕೊಟ್ಟಿರುತ್ತಾಳೆ, ಅಲ್ವಾ? ಮಾತು ಒಂದೇ, ಒಬ್ಬರು ಆಡಿದರೆ ತಮಾಷೆ, ಇನ್ನೊಬ್ಬರು ಆಡಿದರೆ ಅವಮಾನ. ಈ ವ್ಯತ್ಯಾಸ ಯಾಕೆ ಅಂತ ಕೇಳುವುದೇ ಹಾಸ್ಯದ ಸಂಶೋಧನೆ. ಜೋಕು ಚೆನ್ನಾಗಿದೆಯೋ ಇಲ್ಲವೋ ಅನ್ನುವುದು ಅಲ್ಲಿ ಸಣ್ಣ ವಿಷಯ. ಯಾರು ಯಾರನ್ನು ನೋಡಿ ನಗಬಹುದು, ಯಾರು ನಗಬಾರದು ಅನ್ನುವುದು ದೊಡ್ಡದು.

ಇಂಗ್ಲೆಂಡಿನ ಮಾನವಶಾಸ್ತ್ರಜ್ಞ ರಾಡ್‌ಕ್ಲಿಫ್ ಬ್ರೌನ್ 1924ರಲ್ಲೇ ದಕ್ಷಿಣ ಆಫ್ರಿಕಾದ ಸೋದರಮಾವಂದಿರ ಬಗ್ಗೆ ಒಂದು ಲೇಖನ ಬರೆದರು. ಅಪ್ಪನ ಕಡೆಯವರ ಮುಂದೆ ಬಾಲ ಮುದುರಿಕೊಂಡಿರುವ ಹುಡುಗ ತಾಯಿಯ ಅಣ್ಣತಮ್ಮಂದಿರ ಹತ್ತಿರ ಎಷ್ಟು ಸಲಿಗೆಯಿಂದ ಇರುತ್ತಾನೆ ಅನ್ನುವುದು ಅವರ ಗಮನಕ್ಕೆ ಬಂದಿತ್ತು. 1940ರಲ್ಲಿ ಇದನ್ನೇ ಬೆಳೆಸಿದರು. ಮದುವೆಯಿಂದ ಎರಡು ಮನೆಗಳು ಹತ್ತಿರವಾಗುತ್ತವೆ, ಆದರೆ ಬೇರೆಬೇರೆಯಾಗಿಯೂ ಉಳಿಯುತ್ತವೆ. ಜಗಳಕ್ಕೆ ಅಲ್ಲೇ ಜಾಗ. ಅದನ್ನು ತಪ್ಪಿಸಲು ಎರಡೇ ದಾರಿ. ಒಂದು, ವಿಪರೀತ ಮರ್ಯಾದೆ: ಸೊಸೆ ಮಾವನ ಎದುರು ಕೂರುವುದೂ ಇಲ್ಲ. ಇನ್ನೊಂದು, ಒಪ್ಪಿಕೊಂಡ ಕೀಟಲೆ: ಭಾವ ನಾದಿನಿಯರ ನಡುವೆ ಇರುತ್ತದಲ್ಲ, ಅದು. ಇದರ ನಿಯಮ ಒಂದೇ, ಬೈಸಿಕೊಂಡವರು ಸಿಟ್ಟಾಗುವ ಹಾಗಿಲ್ಲ. ಅಂದ ಹಾಗೆ, ಮೈಸೂರಿನಲ್ಲೇ ಹುಟ್ಟಿದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಆಕ್ಸ್‌ಫರ್ಡ್‌ನಲ್ಲಿ ಇದೇ ರಾಡ್‌ಕ್ಲಿಫ್ ಬ್ರೌನ್ ಅವರ ಶಿಷ್ಯರಾಗಿದ್ದರು. ಅಷ್ಟು ದೂರದ ಮಾತು ಏನಲ್ಲ ಇದು.

ಇದನ್ನು ಓದುವಾಗಲೆಲ್ಲ ನನಗೆ ಬೀಗರ ಹಾಡು ನೆನಪಾಗುತ್ತದೆ. ಧಾರೆ ಮುಗಿದಿರುತ್ತದೆ. ಬೀಗಿತ್ತಿ ಹೊಸ ಸೀರೆ ಉಟ್ಟು ಎಲೆ ಮುಂದೆ ಕೂತಿರುತ್ತಾಳೆ. ಹೆಣ್ಣಿನ ಕಡೆಯ ಹೆಂಗಸರು ನಾಲ್ಕು ಜನ ಕಂಬದ ಹತ್ತಿರ ನಿಂತು ಶುರುಮಾಡುತ್ತಾರೆ. ಅವಳ ಮೂಗು, ಅವಳ ನಡಿಗೆ, ಅವಳು ಎಷ್ಟು ಸಲ ಪಾಯಸ ಹಾಕಿಸಿಕೊಂಡಳು, ತಂದ ಸೀರೆಯ ಜರಿ ಎಷ್ಟು ತೆಳು, ಒಂದನ್ನೂ ಬಿಡುವುದಿಲ್ಲ. ಬೀಗಿತ್ತಿ ತಲೆ ತಗ್ಗಿಸಿ ನಗುತ್ತಾ ಉಣ್ಣಬೇಕು. ಮುಖ ಊದಿಸಿಕೊಂಡಳೋ, ಅವಳ ಮನೆಯವರದೇ ಮರ್ಯಾದೆ ಹೋಯ್ತು. ಆಮೇಲೆ ಅವಳ ಕಡೆಯ ಮುದುಕಿಯೊಬ್ಬಳು ಎದ್ದು ಎರಡು ಪಟ್ಟು ಜೋರಾಗಿ ವಾಪಸ್ ಹಾಡುತ್ತಾಳೆ. ನಾಳೆಯಿಂದ ಆ ಮನೆಯಲ್ಲಿ ಹುಡುಗಿ ಬಾಯಿ ಮುಚ್ಚಿಕೊಂಡು ಇರಬೇಕು. ಇವತ್ತು ಒಂದು ದಿನ ಅವಳ ಪರವಾಗಿ ಇವರೆಲ್ಲ ಬಾಯಿ ಬಿಟ್ಟಿರುತ್ತಾರೆ. ಈಗಿನ ಛತ್ರಗಳಲ್ಲಿ ಆ ಹೊತ್ತಿಗೆ ಆರ್ಕೆಸ್ಟ್ರಾದವರು ಸ್ಪೀಕರ್ ಹಚ್ಚಿರುತ್ತಾರೆ. ಹಾಡುವವರಿದ್ದರೂ ಯಾರಿಗೂ ಕೇಳಿಸುವುದಿಲ್ಲ.

ನಗುವಿಗೆ ಅಂತಸ್ತು ಕಟ್ಟುವುದು ಹಳೆಯ ಕೆಲಸ. ಭರತನ ನಾಟ್ಯಶಾಸ್ತ್ರದಲ್ಲಿ ನಗು ಆರು ಬಗೆ. ಹಲ್ಲು ಕಾಣದ ಸ್ಮಿತ, ಸ್ವಲ್ಪ ಹಲ್ಲು ಕಾಣುವ ಹಸಿತ ಉತ್ತಮರಿಗೆ. ವಿಹಸಿತ, ಉಪಹಸಿತ ಮಧ್ಯಮರಿಗೆ. ಕಣ್ಣಲ್ಲಿ ನೀರು ಬರುವಷ್ಟು, ಪಕ್ಕೆ ಹಿಡಿದುಕೊಳ್ಳುವಷ್ಟು ನಗುವುದು ಅಧಮರ ಪಾಲು. (ನಮ್ಮ ಕಚೇರಿಯಲ್ಲಿ ನಾವೆಲ್ಲ ಆರನೆಯ ವರ್ಗದವರೇ.) ಅದೇ ಗ್ರಂಥದ ಕೊನೆಯಲ್ಲಿ ಇನ್ನೊಂದು ಕಥೆ ಇದೆ. ಭರತನ ಮಕ್ಕಳು ವಿದ್ಯೆ ತಲೆಗೇರಿ ಋಷಿಗಳನ್ನೇ ಅಣಕಿಸಿ ನಾಟಕ ಆಡಿದರು. ಋಷಿಗಳು ಶಾಪ ಕೊಟ್ಟರು, ನಟರ ಕುಲ ಕೆಳಗೆ ಬಿತ್ತು. ಹಾಸ್ಯ ಮಾಡಿದವರ ಮೇಲೆ ಕೇಸು ಬಿದ್ದ ಸುದ್ದಿ ಬಂದಾಗಲೆಲ್ಲ ನಾನು ಈ ಕಥೆ ಹೇಳುತ್ತೇನೆ.

ಈಚಿನವರಲ್ಲಿ ನನಗೆ ಮೆಚ್ಚುಗೆಯಾದವರು ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಪ್ರೊವೈನ್. ಅವರು ಪ್ರಯೋಗಾಲಯದಲ್ಲಿ ಕೂತು ಜೋಕು ಹೇಳಿ ನೋಡಲಿಲ್ಲ. ಶಿಷ್ಯರನ್ನು ಮಾಲ್‌ಗಳಿಗೆ, ರಸ್ತೆಗಳಿಗೆ ಕಳಿಸಿ ಜನ ತಾವಾಗಿ ಯಾವಾಗ ನಗುತ್ತಾರೆ ಅಂತ ಬರೆಸಿದರು. 1,200 ನಗು ಸಿಕ್ಕವು. ಅದರಲ್ಲಿ ಐದನೇ ಒಂದು ಪಾಲಿನಷ್ಟೂ ಜೋಕಿಗೆ ಬಂದದ್ದಲ್ಲ. "ಸರಿ, ಬರ್ತೀನಿ ಮತ್ತೆ" ಅನ್ನುವಂಥ ಸಪ್ಪೆ ಮಾತಿಗೇ ಜನ ನಕ್ಕಿದ್ದರು. ಒಬ್ಬರೇ ಇರುವಾಗ ನಗುವುದಕ್ಕಿಂತ ಜೊತೆಗೆ ಜನ ಇದ್ದಾಗ ಸುಮಾರು 30 ಪಟ್ಟು ಜಾಸ್ತಿ ನಗುತ್ತೇವೆ ಅಂತಲೂ ಅವರು ಕಂಡುಕೊಂಡರು. ಮದ್ದೂರಿನ ಬಸ್ ಸ್ಟ್ಯಾಂಡಿನಲ್ಲಿ ಅರ್ಧ ಗಂಟೆ ಕೂತರೆ ನಿಮಗೂ ಇದು ಗೊತ್ತಾಗುತ್ತದೆ.

ಇನ್ನು ನಿಮ್ಮ ಜಿಲ್ಲೆಗೇ ಸೇರಿದ ವಿಷಯ. ಸಿನಿಮಾದಲ್ಲಿ ಹೀರೋ ಪುಸ್ತಕದ ಕನ್ನಡ ಮಾತಾಡುತ್ತಾನೆ, ಅವನ ಪಕ್ಕದ ಹಾಸ್ಯದವನು "ಏನ್ಲಾ, ಎತ್ಲಾಗ್ ಒಂಟೆ" ಅನ್ನುತ್ತಾನೆ. ಇದೂ ಹೊಸದಲ್ಲ. ಸಂಸ್ಕೃತ ನಾಟಕದಲ್ಲಿ ರಾಜನದು ಸಂಸ್ಕೃತ, ವಿದೂಷಕನದು ಪ್ರಾಕೃತ. ನಮ್ಮ ತೊಗಲುಗೊಂಬೆಯಲ್ಲಿ ರಾಮ ರಾವಣರು ಗ್ರಂಥದ ಮಾತಾಡಿದರೆ ಕಿಳ್ಳೇಕ್ಯಾತ, ಬಂಗಾರಕ್ಕ ಊರ ಮಾತಲ್ಲಿ ಪೋಲಿ ಹರಟುತ್ತಾರೆ. ಆದರೆ ಗೊಂಬೆಯಾಟದಲ್ಲಿ ಎದುರಿಗೆ ಕೂತವರ ಮಾತೂ ಕಿಳ್ಳೇಕ್ಯಾತನದೇ. ಅವನು ಅವರವನು. ಸಿನಿಮಾದಲ್ಲಿ ಬೆಂಗಳೂರು ಕೂತು ಮಂಡ್ಯವನ್ನು ನೋಡಿ ನಗುತ್ತಿರುತ್ತದೆ. ಬ್ರಿಟನ್ನಿನ ಸಮಾಜಶಾಸ್ತ್ರಜ್ಞ ಕ್ರಿಸ್ಟಿ ಡೇವಿಸ್ ಹಲವು ದೇಶಗಳ ಪೆದ್ದರ ಜೋಕುಗಳನ್ನು ಕೂಡಿಸಿ ನೋಡಿದ್ದರು. ಇಂಗ್ಲಿಷರಿಗೆ ಐರಿಷರು, ಫ್ರೆಂಚರಿಗೆ ಬೆಲ್ಜಿಯಂನವರು. ಪೂರ್ತಿ ಅಪರಿಚಿತರು ಈ ಜೋಕಿಗೆ ಒದಗುವುದಿಲ್ಲ. ನಮ್ಮ ಹಾಗೇ ಇರುವ, ಆದರೆ ಅಂಚಿನಲ್ಲಿರುವ ಜನ ಬೇಕು. ಡೇವಿಸ್ ಪ್ರಕಾರ ಇಂಥ ಜೋಕಿನ ಹಿಂದೆ ದ್ವೇಷ ಇರಲೇಬೇಕಂತಿಲ್ಲ. ಅಷ್ಟು ಸಲೀಸಾಗಿ ನಾನು ಒಪ್ಪುವುದಿಲ್ಲ. ಹಾಸ್ಟೆಲಿನಲ್ಲಿ ತನ್ನ ಊರ ಮಾತು ಬಿಟ್ಟು ನಾಲಿಗೆ ತಿದ್ದಿಕೊಂಡ ಹುಡುಗರನ್ನು ಕೇಳಬೇಕು. ಜಾತಿಯ ಜೋಕು ಬಂದಾಗಲಂತೂ ಕೇಳಲೇಬೇಕು.

ಹಾಸ್ಯದಿಂದ ಸಮಾಜ ಬದಲಾಗುತ್ತಾ ಅಂತ ನೀವು ಕೇಳಿಲ್ಲ, ಆದರೆ ವೈವಾದಲ್ಲಿ, ಅಂದರೆ ಪಿಎಚ್‌ಡಿಯ ಮೌಖಿಕ ಪರೀಕ್ಷೆಯಲ್ಲಿ, ಕೇಳುತ್ತಾರೆ. ಮೈಸೂರಿನಲ್ಲಿ ಹುಟ್ಟಿದ ಮಾಸ್ಟರ್ ಹಿರಣ್ಣಯ್ಯ 'ಲಂಚಾವತಾರ' ನಾಟಕವನ್ನು ಸಾವಿರಾರು ಸಲ ಆಡಿದರು. ಲಂಚ ನಿಂತಿಲ್ಲ. ಬ್ರಿಟನ್ನಿನ ಮಾನವಶಾಸ್ತ್ರಜ್ಞೆ ಮೇರಿ ಡಗ್ಲಾಸ್ 1968ರಲ್ಲಿ ಬರೆದದ್ದು ಇಲ್ಲಿ ಸರಿಹೊಂದುತ್ತದೆ: ಈಗಿರುವ ವ್ಯವಸ್ಥೆ ಹೀಗೇ ಇರಬೇಕಾಗಿಲ್ಲ ಅಂತ ಜೋಕು ತೋರಿಸುತ್ತದೆ, ಅದರ ಬದಲು ಇನ್ನೊಂದನ್ನು ಕೊಡುವುದಿಲ್ಲ. ಆದರೂ ಲಂಚ ಕೊಟ್ಟವರೂ ತಿಂದವರೂ ಒಂದೇ ಸಾಲಿನಲ್ಲಿ ಕೂತು ನಕ್ಕು ಹೋದರಲ್ಲ, ಅದು ಹೇಗೆ ಸಾಧ್ಯವಾಯಿತು ಅನ್ನುವುದರ ಮೇಲೇ ಒಂದು ಪಿಎಚ್‌ಡಿ ಬರೆಯಬಹುದು.

ಮಗಳಿಗೆ ನನ್ನ ಸಲಹೆ ಇಷ್ಟೇ. ಪುಸ್ತಕ ಆಮೇಲೂ ಸಿಗುತ್ತವೆ. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯ ಗ್ರಂಥಾಲಯ ಎಲ್ಲೂ ಓಡಿಹೋಗುವುದಿಲ್ಲ. ಬೀಗರ ಹಾಡು ಬರುವ ಅಜ್ಜಿಯರು ಹಾಗಲ್ಲ. ಮದ್ದೂರು, ಮಳವಳ್ಳಿ ಕಡೆ ಅವರನ್ನು ಹುಡುಕಿ ಮೊದಲು ರೆಕಾರ್ಡ್ ಮಾಡಿಕೊಳ್ಳಲಿ. ಹಾಡು ಮಾತ್ರ ಸಾಲದು. ಯಾರ ಮದುವೆ, ಯಾರ ಮೇಲೆ ಹಾಡಿದ್ದು, ಯಾರು ನಕ್ಕರು, ಯಾರು ಎದ್ದುಹೋದರು, ಅದನ್ನೂ ಬರೆದುಕೊಳ್ಳಲಿ. ಆ ಕೇರಿಯವರು ಈ ಕೇರಿಯವರ ಮೇಲೆ ಹಾಡಬಹುದಿತ್ತೇ ಅಂತ ಕೇಳುವುದನ್ನು ಮರೆಯದಿರಲಿ. ಹಳ್ಳಿಗೆ ಹೋಗುವಾಗ ಸೋದರಮಾವನನ್ನೂ ಜೊತೆಗೆ ಕರೆದುಕೊಂಡು ಹೋಗಲಿ. ಅಜ್ಜಿಯರ ಬಾಯಿ ಬಿಡಿಸಲು ಅಂಥವರೇ ಬೇಕು. ಬರೆದದ್ದನ್ನು ನಮಗೂ ಕಳಿಸಲಿ, ನಾಲ್ಕು ಪುಟ ಮೀರದಿದ್ದರೆ ಖಂಡಿತ ಅಚ್ಚು ಹಾಕುತ್ತೇವೆ.

— ಸಂ.