ಗೂಡ್ಸ್ ಗಾಡಿ ಭೀಮನಿಗೆ ಇಷ್ಟ, ಬೆಳ್ಳಿಗೆ ಭಯ

ಪ್ರಶ್ನೆ: ನನಗೆ 52 ವರ್ಷ. ನಮ್ಮ ನಾಯಿ ಭೀಮ ಹನ್ನೆರಡು ವರ್ಷ ಜೊತೆಗಿದ್ದ. ಸಂಜೆಯಾದರೆ ಅವನನ್ನು ಕರೆದುಕೊಂಡು ಹಳಿ ಕಾಣುವ ಬಯಲಿಗೆ ಹೋಗಿ ಗೂಡ್ಸ್ ಗಾಡಿ ನೋಡುತ್ತಾ ಕೂರುವುದು ನಮ್ಮಿಬ್ಬರ ರೂಢಿ. ವ್ಯಾಗನ್ ಎಣಿಸುವುದು ನಾನು, ಪಕ್ಕದಲ್ಲಿ ಕದಲದೆ ಕೂರುವುದು ಅವನು. ಕೊನೆಯ ಎರಡು ವರ್ಷ ಮನೆಯ ಕಾಲಿಂಗ್ ಬೆಲ್ ಬಡಿದರೂ ಏಳುತ್ತಿರಲಿಲ್ಲ. ಆದರೆ ಬಯಲಲ್ಲಿ ನೆಲಕ್ಕೆ ಗದ್ದ ಊರಿ ಮಲಗಿದ್ದವನು ನನಗಿಂತ ಮೊದಲೇ ತಲೆ ಎತ್ತಿ ಗಾಡಿ ಬರುವ ದಿಕ್ಕಿಗೆ ನೋಡುತ್ತಿದ್ದ. ಹೋದ ವರ್ಷ ತೀರಿಕೊಂಡ. ಐದು ತಿಂಗಳ ಹಿಂದೆ ಎರಡು ವರ್ಷದ ಬೆಳ್ಳಿಯನ್ನು ದತ್ತು ತಂದೆವು. ಭೀಮನ ಕೊರಳಪಟ್ಟಿಯನ್ನೇ ಹಾಕಿ ಅದೇ ಜಾಗಕ್ಕೆ ಕರೆದೊಯ್ಯುತ್ತೇನೆ. ಗಾಡಿ ಬಂದರೆ ನಡುಗುತ್ತಾಳೆ, ಹಿಂದಕ್ಕೆ ಜಗ್ಗುತ್ತಾಳೆ. ಹೋದ ವಾರ ಪಟ್ಟಿಯಿಂದ ತಲೆ ಕಳಚಿಕೊಂಡು ಓಡಿದಳು, ಪುಣ್ಯಕ್ಕೆ ಹಳಿಯ ಕಡೆಗಲ್ಲ. ಬಾಯಿತಪ್ಪಿ ಅವಳನ್ನು ‘ಭೀಮಾ’ ಎಂದು ಕರೆಯುತ್ತೇನೆ. ಅವನಿಗಿಂತ ಮುಂಚೆ ಇದ್ದ ಪುಟ್ಟಿಯೂ ಈಗ ನೆನಪಾಗಿ ಅಳು ಬರುತ್ತದೆ. ‘ಸಾಕು, ಆ ಕಡೆ ಹೋಗಲೇಬೇಡ’ ಅನ್ನುತ್ತಾರೆ ನಮ್ಮ ಯಜಮಾನರು. ಹೋಗುವುದು ಬಿಟ್ಟರೆ ಭೀಮನನ್ನೇ ಬಿಟ್ಟಂತೆ ಅನಿಸುತ್ತದೆ. ಏನು ಮಾಡಲಿ?
— ಹೆಸರು ಬೇಡ

ಉತ್ತರ: ನೀವು ಹೋಗುವುದನ್ನು ಬಿಡಬೇಡಿ. ಬೆಳ್ಳಿಯನ್ನು ಕರೆದೊಯ್ಯುವುದನ್ನು ಮಾತ್ರ ಇವತ್ತಿನಿಂದಲೇ ನಿಲ್ಲಿಸಿ. ಆ ಬಯಲು ನಿಮಗೆ ಭೀಮನ ಜಾಗ. ಬೆಳ್ಳಿಯ ಪಾಲಿಗೆ ಅದು ಭಯಂಕರ ಸದ್ದು ಹುಟ್ಟುವ ಜಾಗ. ಎರಡನ್ನೂ ಒಂದೇ ಸಂಜೆಗೆ ಕಟ್ಟಿಹಾಕಿರುವುದರಿಂದ ನಿಮ್ಮ ದುಃಖಕ್ಕೂ ಎಡೆ ಸಿಗುತ್ತಿಲ್ಲ, ಅವಳ ಭಯವೂ ಇಳಿಯುತ್ತಿಲ್ಲ. ಸದ್ಯಕ್ಕೆ ಬೇರೆ ಮಾಡಿ. ಮುಂದೆ ಒಂದು ದಿನ ಅವು ಮತ್ತೆ ಕೂಡಬಹುದು, ಕೂಡದೆಯೂ ಇರಬಹುದು.

ಮೊದಲು ಕೊರಳಪಟ್ಟಿಯ ವಿಷಯ, ಇದು ಜೀವದ ಪ್ರಶ್ನೆ. ಪಟ್ಟಿಯ ಒಳಗೆ ನಿಮ್ಮ ಎರಡು ಬೆರಳು ಸೇರುವಷ್ಟೇ ಸಡಿಲ ಇರಬೇಕು. ಭೀಮನ ಕತ್ತಿನ ಅಳತೆಗೆ ಒಗ್ಗಿದ ಪಟ್ಟಿ ಬೆಳ್ಳಿಗೆ ಆ ಲೆಕ್ಕಕ್ಕೆ ಕೂರುವುದಿಲ್ಲ. ಹೆದರಿದ ನಾಯಿ ಮುಂದಕ್ಕೆ ಎಳೆಯುವುದಕ್ಕಿಂತ ಹಿಂದಕ್ಕೆ ಸರಿದು, ತಲೆ ತಗ್ಗಿಸಿ, ಕಿವಿ ಒತ್ತಿಕೊಂಡು ಪಟ್ಟಿಯನ್ನು ಟೋಪಿ ತೆಗೆದಂತೆ ಕಳಚುತ್ತದೆ. ಅವಳಿಗೆ ಎದೆಯ ಮುಂದೆ ಇಂಗ್ಲಿಷಿನ ‘ವೈ’ ಆಕಾರದಲ್ಲಿ ಬರುವ ಹಾರ್ನೆಸ್ ಕೊಡಿಸಿ. ಪಕ್ಕೆಲುಬಿನ ಹಿಂದೆ ಹೊಟ್ಟೆಗೂ ಇನ್ನೊಂದು ಪಟ್ಟಿ ಇರುವಂಥದ್ದಾದರೆ ಹಿಂದಕ್ಕೆ ಜಾರಿ ಬಿಡಿಸಿಕೊಳ್ಳುವುದು ಕಷ್ಟ. ಒಂದೂವರೆಯಿಂದ ಎರಡು ಮೀಟರಿನ ಗಟ್ಟಿ ಹಗ್ಗವನ್ನು ಹಾರ್ನೆಸ್ಸಿಗೂ, ಎರಡನೆಯದೊಂದನ್ನು ಸರಿಯಾದ ಅಳತೆಯ ಕೊರಳಪಟ್ಟಿಗೂ ಹಾಕಿ. ಗುಂಡಿ ಒತ್ತಿದರೆ ಉದ್ದವಾಗುವ ಸುರುಳಿ ಲೀಷ್ ಬೇಡವೇ ಬೇಡ. ಅದು ಕೈಜಾರಿ ಬಿದ್ದರೆ ಹಿಡಿಕೆ ದಡದಡ ಸದ್ದು ಮಾಡುತ್ತಾ ನಾಯಿಯ ಬೆನ್ನಟ್ಟುತ್ತದೆ. ಹೆದರಿದ ನಾಯಿ ಇನ್ನೂ ಜೋರಾಗಿ ಓಡುತ್ತದೆ. ಭೀಮನ ಪಟ್ಟಿಯನ್ನು ಒರೆಸಿ, ನಿಮ್ಮ ಕಣ್ಣಿಗೆ ಬೀಳುವ ಕಡೆ ಗೋಡೆಗೆ ತೂಗುಹಾಕಿ. ಅದು ಅವನದೇ ಆಗಿ ಉಳಿಯಲಿ.

‘ಭೀಮ ಎಷ್ಟು ಶಾಂತವಾಗಿದ್ದ, ಇವಳೇಕೆ ಹೀಗೆ’ ಎಂಬ ಹೋಲಿಕೆ ನಿಮ್ಮ ಪತ್ರದ ಉದ್ದಕ್ಕೂ ಇದೆ. ಅದನ್ನು ಸ್ವಲ್ಪ ಬಿಡಿಸಿ ನೋಡೋಣ. ಕಾಲಿಂಗ್ ಬೆಲ್ಲಿಗೆ ಏಳದ ಮುದಿ ನಾಯಿಗೆ ಬಹುಮಟ್ಟಿಗೆ ಕಿವಿ ಮಂದವಾಗಿರುತ್ತದೆ. ನೆಲಕ್ಕೆ ಗದ್ದ ಊರಿದ್ದವನು ನಿಮಗಿಂತ ಮೊದಲೇ ತಲೆ ಎತ್ತುತ್ತಿದ್ದನಲ್ಲ, ಭಾರದ ಗಾಡಿ ನೆಲದಲ್ಲಿ ಎಬ್ಬಿಸುವ ಅದುರು ಅವನ ದವಡೆಗೆ, ಮುಂಗಾಲಿಗೆ ಮುಟ್ಟುತ್ತಿದ್ದಿರಬೇಕು. ಆ ಕೊನೆಯ ವರ್ಷಗಳಲ್ಲಿ ಅವನ ಪಾಲಿಗೆ ಗೂಡ್ಸ್ ಗಾಡಿ ಎಂದರೆ ಆ ಅದುರು, ಒಂದಿಷ್ಟು ಗಾಳಿ, ಪಕ್ಕದಲ್ಲಿ ನೀವು. ಇದರಿಂದ ನಿಮ್ಮ ಸಂಜೆಗಳ ಬೆಲೆ ಎಳ್ಳಷ್ಟೂ ಕಡಿಮೆಯಾಗುವುದಿಲ್ಲ. ಆದರೆ ಬೆಳ್ಳಿಯ ಕಿವಿ ಎಳೆಯದು. ಸದ್ದು ಎಷ್ಟು ಕೀರಲು ಎಂಬುದನ್ನು ಹರ್ಟ್ಸ್‌ನಲ್ಲಿ ಅಳೆಯುತ್ತಾರೆ. ಮನುಷ್ಯರಿಗೆ ಸುಮಾರು 20,000 ಹರ್ಟ್ಸ್‌ವರೆಗೆ ಕೇಳಿದರೆ ನಾಯಿಗೆ 45,000 ಹರ್ಟ್ಸ್ ಹತ್ತಿರದವರೆಗೂ ಕೇಳುತ್ತದೆ. ತಿರುವಿನಲ್ಲಿ ಚಕ್ರ ಹಳಿಗೆ ಉಜ್ಜಿ ಕಿರ್ರೆನ್ನುವ ಸದ್ದಿನಲ್ಲಿ ನಮ್ಮ ಕಿವಿಗೆ ಬೀಳದ ಪಾಲನ್ನೂ ಅವಳು ಕೇಳುತ್ತಿದ್ದಾಳೆ.

ರೈಲಿಗೆ ಒಲಿದ ನಾಯಿಗಳೂ ಇದ್ದವು. 1880ರ ದಶಕದ ಕೊನೆಯಿಂದ 1897ರವರೆಗೆ ಅಮೆರಿಕದ ಅಂಚೆ ರೈಲುಗಳಲ್ಲಿ ಮೂಟೆಗಳ ಮೇಲೆ ಮಲಗಿ ಊರೂರು ತಿರುಗಿದ ಓನಿ, ಅದೇ ಕಾಲದಲ್ಲಿ ದಕ್ಷಿಣ ಆಸ್ಟ್ರೇಲಿಯಾದಲ್ಲಿ ಎಂಜಿನ್ ಏರಿ ಓಡಾಡುತ್ತಿದ್ದ ಬಾಬ್ ಇವರ ಹೆಸರು ಇಂದಿಗೂ ಉಳಿದಿದೆ. ಅಂಥವು ಅಪರೂಪ, ಅದಕ್ಕೇ ಉಳಿದಿದೆ. ಭೀಮನೂ ಆ ಅಪರೂಪದ ಸಾಲಿನವನೇ. ಬೆಳ್ಳಿ ಹಾಗಿಲ್ಲದಿದ್ದರೆ ಅವಳಲ್ಲಿ ಯಾವ ಕೊರತೆಯೂ ಇಲ್ಲ.

ಭಯ ಇಳಿಸುವ ಪ್ರಯತ್ನ ಮಾಡಲೇಬೇಕೆಂದಿಲ್ಲ. ಆದರೆ ನಿಮ್ಮ ಮನೆಯಿಂದ ಹಳಿ ನಡೆದು ಹೋಗುವಷ್ಟು ಹತ್ತಿರ ಇದೆ, ಹಾರ್ನ್ ಹೇಗೂ ಅವಳ ಕಿವಿಗೆ ಬೀಳುತ್ತದೆ ಎಂದಾದರೆ ಮಾಡುವುದು ಒಳ್ಳೆಯದು. ಶುರುವಿಗೆ ಪಶುವೈದ್ಯರ ಹತ್ತಿರ ಕಿವಿ, ಸೊಂಟ, ಕೀಲು ತೋರಿಸಿ. ಬ್ರಿಟನ್ನಿನ ಲಿಂಕನ್ ವಿಶ್ವವಿದ್ಯಾಲಯದ ಸಂಶೋಧಕರು ಭಾಗವಹಿಸಿ 2018ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನ, ಸದ್ದಿಗೆ ಹೆದರುವ ಕೆಲವು ನಾಯಿಗಳಲ್ಲಿ ಮೈ ನೋವೂ ಅಡಗಿರುವುದನ್ನು ಗುರುತಿಸಿತು. ಸದ್ದಿಗೆ ಬೆಚ್ಚಿದಾಗ ಸ್ನಾಯು ಬಿಗಿಯುತ್ತದೆ, ಬಿಗಿದಾಗ ನೋಯುತ್ತದೆ, ನೋವಿಗೆ ಸದ್ದೇ ಕಾರಣ ಎಂದು ನಾಯಿ ತಿಳಿಯುತ್ತದೆ ಎಂಬುದು ಅವರ ಊಹೆ. ನೋವು ಇದ್ದರೆ ಉಳಿದ ಯಾವ ಅಭ್ಯಾಸವೂ ಕೈಹಿಡಿಯುವುದಿಲ್ಲ.

ಆಮೇಲೆ ಮನೆಯಲ್ಲಿ ಧ್ವನಿಮುದ್ರಣ. ಅವಳು ಕಿವಿ ತುಸು ಹೊರಳಿಸಿ ತನ್ನ ಪಾಡಿಗೆ ಇರುವಷ್ಟು ಸಣ್ಣ ದನಿಯಲ್ಲಿ ಗೂಡ್ಸ್ ಗಾಡಿಯ ಸದ್ದು ಹಾಕಿ, ದಿನಕ್ಕೆ 5ರಿಂದ 10 ನಿಮಿಷ. ಇಲ್ಲಿ ಅನೇಕರು ಎಡವುವುದು ಕ್ರಮದಲ್ಲಿ. ಮೊದಲು ಸದ್ದು, ಒಂದೆರಡು ಸೆಕೆಂಡ್ ಬಿಟ್ಟು ತಿನಿಸು. ಸದ್ದು ನಿಂತಾಗ ತಿನಿಸೂ ನಿಲ್ಲಬೇಕು. ಮೊದಲೇ ತಿನಿಸು ತೋರಿಸಿ ಆಮೇಲೆ ಸದ್ದು ಹಾಕಿದರೆ, ‘ಅಮ್ಮ ತಿಂಡಿ ತೆಗೆದಳು, ಇನ್ನು ಆ ಭೂತ ಬರುತ್ತದೆ’ ಎಂದು ಅವಳು ಕಲಿಯುತ್ತಾಳೆ, ಕೊನೆಗೆ ತಿನಿಸನ್ನೇ ದೂರ ಮಾಡುತ್ತಾಳೆ. ಇನ್ನೊಂದು ಮಾತು: ಮೊಬೈಲಿನ ಸ್ಪೀಕರಿಗೆ ಗಾಡಿಯ ಆಳದ ಗುಡುಗು ಹೊರಡಿಸುವ ಶಕ್ತಿ ಇಲ್ಲ, ನೆಲದ ಅದುರಂತೂ ಬರುವುದೇ ಇಲ್ಲ. ಮನೆಯಲ್ಲಿ ಗೆದ್ದವಳು ಬಯಲಲ್ಲಿ ಮತ್ತೆ ಹೆದರಿದರೆ ಗಾಬರಿಯಾಗಬೇಡಿ.

ಬಯಲಿಗೆ ಹೋಗುವಾಗ ಭೀಮನ ಜಾಗ ಬೇಡ, ಹೊಸ ಜಾಗ ಹುಡುಕಿ. ಹಳಿಯಿಂದ 200–300 ಮೀಟರ್ ದೂರ, ಬೇಲಿಯ ಹೊರಗೆ, ಗಾಡಿ ದೂರದಿಂದಲೇ ಕಾಣುತ್ತಾ ಬರುವ ನೇರ ಹಾದಿ ಇರಲಿ. ತಿರುವು, ಗುಡ್ಡ ಕಡಿದ ದಾರಿ ಬೇಡ. ಗಾಡಿ ಏಕಾಏಕಿ ಎದುರಾಗುತ್ತದೆ. ಲೆವೆಲ್ ಕ್ರಾಸಿಂಗ್ ಹತ್ತಿರ ಹಾರ್ನ್ ಹೊಡೆಯುತ್ತಾರೆ, ಅದೂ ಬೇಡ. ಗಾಡಿ ನಿಂತು ಹೊರಡುವ ಜಾಗ ಎಲ್ಲಕ್ಕಿಂತ ಕೆಟ್ಟದ್ದು. ವ್ಯಾಗನ್‌ಗಳನ್ನು ಒಂದಕ್ಕೊಂದು ಜೋಡಿಸುವ ಕಪ್ಲಿಂಗ್‌ನಲ್ಲಿ ಸಡಿಲ ಇರುತ್ತದೆ. ಎಂಜಿನ್ ಎಳೆದಾಗ ಆ ಸಡಿಲ ಒಂದೊಂದಾಗಿ ಬಿಗಿಯುತ್ತಾ ‘ಧಡ್, ಧಡ್’ ಎನ್ನುವ ಸದ್ದು ಮುಂದಿನಿಂದ ಹಿಂದಕ್ಕೆ ಓಡುತ್ತದೆ. ಸದ್ದು ತನ್ನ ಕಡೆಗೇ ಧಾವಿಸಿ ಬರುತ್ತಿದೆ ಎಂದು ನಾಯಿಗೆ ಅನಿಸುವುದು ಇದರಿಂದ.

‘ಇಪ್ಪತ್ತು ಹೆಜ್ಜೆ ಹಿಂದೆ ನಿಂತರಾಯಿತು’ ಎಂಬ ಲೆಕ್ಕವೂ ತಪ್ಪು. ಸದ್ದಿನ ಜೋರನ್ನು ಡೆಸಿಬಲ್‌ನಲ್ಲಿ ಅಳೆಯುತ್ತಾರೆ. ದೂರ ದುಪ್ಪಟ್ಟಾದರೆ ಹಾರ್ನ್ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. ಗಾಡಿ ಉರುಳುವ ಸದ್ದು ಹುಟ್ಟುವುದು ಅದರ ಉದ್ದಕ್ಕೂ. ಹಾಗಾಗಿ ಹಳಿಯ ಆಸುಪಾಸಿನಲ್ಲಿ ಅಷ್ಟೇ ದೂರ ಸರಿದರೂ ಇಳಿಯುವುದು 3 ಡೆಸಿಬಲ್ಲಿನಷ್ಟೇ. ನಿಜವಾಗಿ ವ್ಯತ್ಯಾಸ ಆಗಬೇಕಾದರೆ ಬಹಳವೇ ಹಿಂದೆ ಹೋಗಬೇಕು.

ಮೊದಲ ಎರಡು ಮೂರು ಸಲ ಗಾಡಿ ಬರಲಿ ಬಿಡಲಿ, ಸುಮ್ಮನೆ ಹುಲ್ಲು ಮೂಸಿಸಿ ವಾಪಸ್ ಬನ್ನಿ. ಗಾಡಿ ಬಂದ ದಿನ ಜೇಬಿನಲ್ಲಿ ಬಟಾಣಿ ಗಾತ್ರದ ಮೆತ್ತನೆಯ ತಿನಿಸು 30–35 ಚೂರು ಇರಲಿ. 700 ಮೀಟರ್ ಉದ್ದದ ಗಾಡಿ ಗಂಟೆಗೆ 40 ಕಿ.ಮೀ. ವೇಗದಲ್ಲಿ ನಿಮ್ಮನ್ನು ದಾಟಲು ಒಂದು ನಿಮಿಷಕ್ಕೂ ತುಸು ಹೆಚ್ಚು ಹಿಡಿಯುತ್ತದೆ. ಎರಡೆರಡು ಸೆಕೆಂಡಿಗೆ ಒಂದು ಚೂರಿನಂತೆ ಅಷ್ಟು ಬೇಕಾಗುತ್ತದೆ. ಕೊನೆಯ ವ್ಯಾಗನ್ ದಾಟಿದ ಮೇಲೆ ತಿನಿಸು ನಿಲ್ಲಿಸಿ, ಮನೆಗೆ ಹೊರಡಿ. ‘ಇನ್ನೊಂದು ಬರಲಿ’ ಎಂದು ಕಾಯಬೇಡಿ. ಆ ತಿನಿಸಿನಷ್ಟನ್ನು ರಾತ್ರಿಯ ಊಟದಲ್ಲಿ ಕಡಿಮೆ ಮಾಡಿ. ಮಾರನೆಯ ದಿನ ಬಿಡುವು ಕೊಡಿ.

ನೋಡಬೇಕಾದದ್ದು ಅವಳನ್ನು, ಗಾಡಿಯನ್ನಲ್ಲ. ಹಸಿವಿಲ್ಲದೆ ತುಟಿ ನೆಕ್ಕುವುದು, ನಿದ್ದೆ ಇಲ್ಲದೆ ಆಕಳಿಸುವುದು, ಕಣ್ಣಿನ ಬಿಳಿ ಅರ್ಧಚಂದ್ರದಂತೆ ಕಾಣುವುದು, ತಿನಿಸನ್ನು ಎಂದಿಗಿಂತ ಒರಟಾಗಿ ಕಚ್ಚಿ ಕೀಳುವುದು ಭಯದ ಮೊದಲ ಗುರುತುಗಳು. ತಿನಿಸನ್ನೇ ಮುಟ್ಟದಿದ್ದರೆ ಮಿತಿ ಮೀರಿದೆ ಎಂದೇ ಅರ್ಥ, ತಕ್ಷಣ ದೂರ ಹೋಗಿ. ಕಲ್ಲಿನಂತೆ ನಿಂತುಬಿಡುವ ನಾಯಿಯನ್ನು ಕಂಡು ‘ನೋಡಿ, ಅಭ್ಯಾಸವಾಯಿತು’ ಎನ್ನುವವರಿದ್ದಾರೆ. ಅದು ಶಾಂತಿ ಅಲ್ಲ, ಭಯಕ್ಕೆ ಮೈ ಮರಗಟ್ಟಿರುವುದು. ಗಾಡಿ ಕಂಡು ತಾನಾಗಿ ನಿಮ್ಮ ಮುಖಕ್ಕೆ ತಿರುಗುವುದು ಮೂರು ಸಲ ಆದ ಮೇಲೆ 20 ಮೀಟರ್ ಮುಂದೆ ಬನ್ನಿ. ಕೆಟ್ಟರೆ ಹಿಂದಿನ ದೂರಕ್ಕೆ ಮರಳಿ. ಎಷ್ಟೇ ಧೈರ್ಯ ಬಂದರೂ ಹಳಿಯ ಪಕ್ಕಕ್ಕೆ ಮಾತ್ರ ಬೇಡ. ವ್ಯಾಗನ್ ಹಳಿಗಿಂತ ಅರ್ಧ ಮೀಟರಿಗೂ ಹೆಚ್ಚು ಹೊರಚಾಚಿರುತ್ತದೆ, ಹೊದಿಕೆಯ ಹಗ್ಗಗಳು ಕೆಲವೊಮ್ಮೆ ಅದಕ್ಕೂ ಆಚೆ ಬೀಸಾಡುತ್ತವೆ. ಭಾರ ತುಂಬಿದ ಗಾಡಿ ನಿಲ್ಲಲು ಒಂದು ಕಿಲೋಮೀಟರಿಗೂ ಹೆಚ್ಚು ದೂರ ಬೇಕಾಗಬಹುದು. ಜೋಡಿ ಹಳಿಯಲ್ಲಿ ಒಂದು ಗಾಡಿಯ ಮರೆಯಲ್ಲಿ ಇನ್ನೊಂದು ಬರುವುದೂ ಉಂಟು.

ನಡುಗುವಾಗ ಸಮಾಧಾನ ಮಾಡಿದರೆ ಭಯ ಹೆಚ್ಚುತ್ತದೆ ಎಂಬ ಮಾತನ್ನು ನಂಬಬೇಡಿ. ಭಯ ಒಂದು ಭಾವನೆ, ಬೆನ್ನು ಸವರಿದ್ದಕ್ಕೆ ಅದು ಬೆಳೆಯುವುದಿಲ್ಲ. ಅವಳು ನಿಮಗೆ ಒರಗಿಕೊಂಡರೆ ಒರಗಿಸಿಕೊಳ್ಳಿ. ಮನುಷ್ಯರ ಮಾತ್ರೆ ಏನನ್ನೂ ಕೊಡಬೇಡಿ. ಬರೀ ಮಂಪರು ತರಿಸುವ ಕೆಲವು ಔಷಧಗಳಲ್ಲಿ ಮೈ ಸುಮ್ಮನಾದರೂ ಒಳಗೆ ಭಯ ಹಾಗೇ ಇರುತ್ತದೆ, ಆದ್ದರಿಂದ ವೈದ್ಯರನ್ನು ‘ಇದು ಭಯ ಇಳಿಸುತ್ತದೆಯೇ, ಮಂಪರು ಮಾತ್ರವೇ’ ಎಂದು ಬಾಯಿಬಿಟ್ಟು ಕೇಳಿ. ಎರಡು ತಿಂಗಳಾದರೂ ದೂರ ಕಡಿಮೆಯಾಗದಿದ್ದರೆ ಈ ಪ್ರಯತ್ನವನ್ನೇ ಬಿಟ್ಟು, ಅವಳಿಗೆ ಇಷ್ಟವಾದ ದಾರಿಯಲ್ಲಿ ಅವಳ ಜೊತೆ ನಡೆಯಿರಿ.

ಇನ್ನು ನಿಮ್ಮ ಅಳು. ಮನುಷ್ಯರು ಸತ್ತರೆ ಬಂದು ಕೂರುವವರಿದ್ದಾರೆ, ನಾಯಿ ಸತ್ತರೆ ‘ಇನ್ನೊಂದು ತಂದರಾಯಿತು’ ಅನ್ನುತ್ತಾರೆ. ಹೀಗೆ ಸುತ್ತಲಿನವರ ಮಾನ್ಯತೆ ಸಿಗದ ಶೋಕದ ಬಗ್ಗೆ ಶೋಕದ ಅಧ್ಯಯನಕಾರರಾದ ಅಮೆರಿಕದ ಕೆನೆತ್ ಡೋಕಾ 1989ರಲ್ಲೇ ಬರೆದರು. ಹೇಳಿಕೊಳ್ಳಲು ಎಡೆ ಸಿಗದ ದುಃಖ ಹೆಚ್ಚು ಕಾಲ ಎಳೆಯುತ್ತದೆ. ಪುಟ್ಟಿ ಈಗ ನೆನಪಾಗುವುದೂ ಸಹಜವೇ. ಆಗ ಬಹುಶಃ ಯಾರೂ ನಿಮ್ಮನ್ನು ಅಳಗೊಟ್ಟಿರಲಿಲ್ಲ. ಹೊಸ ಸಾವು ಹಳೆಯದನ್ನೂ ಎಬ್ಬಿಸುತ್ತದೆ.

ವಾರಕ್ಕೊಂದು ಸಂಜೆ ಒಬ್ಬರೇ ಹೋಗಿ. ಒಂದು ನೋಟ್‌ಬುಕ್ ಒಯ್ಯಿರಿ. ‘ಭೀಮ ತುಂಬ ಒಳ್ಳೆಯವನು’ ಎಂಬಂಥ ಮಾತು ಬೇಡ, ಕಣ್ಣಿಗೆ ಕಂಡದ್ದನ್ನು ಬರೆಯಿರಿ: ಗಾಡಿಗೆ ಮೊದಲು ಯಾವ ಕಿವಿ ಏಳುತ್ತಿತ್ತು, ನಿಮ್ಮ ಎಡಕ್ಕೆ ಕೂರುತ್ತಿದ್ದನೋ ಬಲಕ್ಕೋ, ಕೊನೆಯ ವ್ಯಾಗನ್ ಹೋದ ಮೇಲೆ ಏನು ಮಾಡುತ್ತಿದ್ದ. ಇಂಥ ಸಣ್ಣ ವಿವರಗಳೇ ಮೊದಲು ಮಸುಕಾಗುವುದು. ಪುಟ್ಟಿಗೂ ಕೆಲವು ಹಾಳೆ ಬಿಡಿ. ವ್ಯಾಗನ್ ಲೆಕ್ಕವನ್ನೂ ಬರೆಯಿರಿ, ಅದು ನಿಮ್ಮಿಬ್ಬರ ಆಟ. ತಿಂಗಳುಗಳು ಕಳೆದರೂ ನಿದ್ದೆ, ಊಟ, ಕೆಲಸ ಹಳಿಗೆ ಬರದಿದ್ದರೆ ಆಪ್ತಸಮಾಲೋಚಕರನ್ನು ಕಾಣಿ, ನಾಯಿಗಾಗಿ ಅಳುತ್ತಿದ್ದೇನೆಂಬ ಸಂಕೋಚ ಬೇಡ.

ಹೆಸರು ತಪ್ಪಿದ್ದಕ್ಕೆ ಬೆಳ್ಳಿಗೆ ನೋವಾಗುವುದಿಲ್ಲ, ಗೊಂದಲ ಮಾತ್ರ ಆಗುತ್ತದೆ. ತಪ್ಪಿದಾಗ ಒಂದು ಕ್ಷಣ ನಿಂತು ‘ಬೆಳ್ಳಿ’ ಎಂದು ಕರೆಯಿರಿ, ತಿರುಗಿದ ಕೂಡಲೇ ಒಂದು ಚೂರು ಕೊಡಿ. ದಿನಕ್ಕೆ ಹತ್ತು ಸಲ ಹೀಗೆ ಮಾಡಿದರೆ ಅವಳಿಗೂ ಹೆಸರು ಗಟ್ಟಿಯಾಗುತ್ತದೆ, ನಿಮ್ಮ ನಾಲಿಗೆಗೂ.

ಯಜಮಾನರ ಜೊತೆ ಜಗಳ ಬೇಡ. ‘ಹೋಗಬೇಡ’ ಅನ್ನುವುದು ನೀವು ಅತ್ತು ಬರುವುದನ್ನು ನೋಡಲಾಗದೆ ಇರಬಹುದು. ನೀವು ಒಬ್ಬರೇ ಹೋಗುವ ಸಂಜೆ ಬೆಳ್ಳಿಯನ್ನು ಬೇರೆ ದಾರಿಯಲ್ಲಿ ತಿರುಗಾಡಿಸಿಕೊಂಡು ಬರುವ ಕೆಲಸ ಅವರಿಗೆ ಕೊಡಿ. ಅಭ್ಯಾಸದ ದಿನಗಳಲ್ಲಿ ಎರಡನೆಯ ಹಗ್ಗ ಅವರ ಕೈಯಲ್ಲಿರಲಿ. ಗಾಡಿ ಬಂದಾಗ ನಿಮ್ಮ ಕಣ್ಣು ರೂಢಿಯಂತೆ ವ್ಯಾಗನ್ ಎಣಿಸಲು ಹೊರಟರೆ, ಬೆಳ್ಳಿಯ ತುಟಿ, ಕಿವಿ ನೋಡಿ ‘ಹೊರಡೋಣ’ ಅನ್ನುವವರು ಒಬ್ಬರು ಬೇಕು.