ಚಾಮುಂಡಿ ಬೆಟ್ಟ ಇಳಿಯುವಾಗ ಕಾಲು ಉಳುಕಿ ಮೂರು ವಾರವಾಯಿತು. ಆಕ್ಯುಪಂಕ್ಚರ್ ಸಾಕೇ, ಫಿಸಿಯೋಥೆರಪಿ ಬೇಕೇ?

ಫಿಸಿಯೋಥೆರಪಿ ಬೇಕೇ ಬೇಕು. ಆಕ್ಯುಪಂಕ್ಚರ್ ಸೂಜಿಯಿಂದ ಕೆಲವರಿಗೆ ನೋವು ತಗ್ಗುತ್ತದೆ, ಹಾಕಿಸಿಕೊಳ್ಳುವುದಾದರೆ ಹಾಕಿಸಿಕೊಳ್ಳಿ. ಆದರೆ ನೋವು ತಗ್ಗಿದ ಮಾತ್ರಕ್ಕೆ ಕಾಲಿಗೆ ಬಲ ಬರುವುದಿಲ್ಲ.

ಚಾಮುಂಡಿ ಬೆಟ್ಟದ ಮೆಟ್ಟಿಲಲ್ಲಿ ಪಾದ ಒಳಕ್ಕೆ ಹೊರಳಿದಾಗ ಸಾಮಾನ್ಯವಾಗಿ ಏಟು ತಿನ್ನುವುದು ಹರಡಿನ (ಪಾದ ಕಾಲಿಗೆ ಸೇರುವ ಕೀಲಿನ) ಹೊರಬದಿಯ ಲಿಗಮೆಂಟು, ಅಂದರೆ ಮೂಳೆಗೆ ಮೂಳೆ ಬಿಗಿಯುವ ಪಟ್ಟಿ. ಹರಿದಲ್ಲಿ ಮೈ ಹೊಸ ನಾರು ಹೆಣೆಯುತ್ತದೆ, ಮೊದಮೊದಲು ಅಡ್ಡಾದಿಡ್ಡಿಯಾಗಿ. ಹದವಾಗಿ ಭಾರ ಬೀಳುತ್ತಾ ಹೋದಂತೆ ಅದು ಎಳೆತದ ದಿಕ್ಕಿಗೆ ಸಾಲುಗೂಡಿ ಗಟ್ಟಿಯಾಗುತ್ತದೆ. ಪಾದ ಎತ್ತ ವಾಲುತ್ತಿದೆ ಎಂದು ಮಿದುಳಿಗೆ ಸುದ್ದಿ ಮುಟ್ಟಿಸುವ ನರತುದಿಗಳೂ ಆ ಪಟ್ಟಿಯಲ್ಲಿವೆ. ಅವು ಮಂಕಾಗಿದ್ದರೆ ಅದೇ ಕಾಲು ಮತ್ತೆ ಉಳುಕಬಹುದು.

ಅಡುಗೆಮನೆ ಕಟ್ಟೆ ಹಿಡಿದು ಉಳುಕಿದ ಕಾಲೊಂದರಲ್ಲೇ ನಿಲ್ಲಿ. ಕೈ ಬಿಟ್ಟೊಡನೆ ಪಾದ ಅತ್ತಿತ್ತ ತೂಗಾಡುತ್ತದಲ್ಲ, ಅದು ನಿಲ್ಲುವವರೆಗೆ ದಿನಾ ಅಭ್ಯಾಸ ಮಾಡಬೇಕು. ನೋವು ಹೋಯಿತೆಂದು ಇದನ್ನು ಅರ್ಧಕ್ಕೇ ಬಿಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ನಾಲ್ಕು ಹೆಜ್ಜೆಯೂ ಊರಲಾಗದಿದ್ದರೆ, ಅಥವಾ ಹರಡಿನ ಮೂಳೆಯನ್ನೇ ಒತ್ತಿದಾಗ ನೋಯುತ್ತಿದ್ದರೆ, ವ್ಯಾಯಾಮಕ್ಕೂ ಮೊದಲು ವೈದ್ಯರಿಗೆ ತೋರಿಸಿ ಎಕ್ಸ್-ರೇ ತೆಗೆಸಿ.