ಮೊಬೈಲ್ ಮೇಲೆ ಟವೆಲ್ ಹಾಕುವ ಹುಡುಗ

ಈ ವಾರ ಬೇರೆ ಮೂರು ಪತ್ರಗಳಿಗೆ ಉತ್ತರ ಬರೆಯಬೇಕಿತ್ತು. ಅವು ಮುಂದಿನ ವಾರಕ್ಕಿರಲಿ. ವಾಸ್ಕೋದ ಒಬ್ಬ ತಾಯಿಯ ಪತ್ರ ಓದಿದ ಮೇಲೆ ಉಳಿದ ಯಾವುದಕ್ಕೂ ಮನಸ್ಸು ಹೋಗಲಿಲ್ಲ.

ಅವರ ಮೂಲ ಊರು ವಿಜಯಪುರದ ಕಡೆಯ ಹಳ್ಳಿ. ಗಂಡನ ಕೆಲಸಕ್ಕೆಂದು ವಾಸ್ಕೋಗೆ ಬಂದು ಹನ್ನೆರಡು ವರ್ಷ ಆಯಿತು. ಮನೆಯಲ್ಲಿ ಅತ್ತೆ, ಗಂಡ, ಮೈದುನ, ಎಂಟು ವರ್ಷದ ಮಗ. ಎಲ್ಲರಿಗೂ ಹಾಡಿನ ಹುಚ್ಚು. ಒಂದು ವರ್ಷದಿಂದ ಭಾನುವಾರ ಬಂತೆಂದರೆ ಬುತ್ತಿ ಕಟ್ಟಿಕೊಂಡು ಓಲ್ಡ್ ಗೋವಾಕ್ಕೆ ಹೊರಡುತ್ತಾರೆ, ಹಾಡಿನ ವಿಡಿಯೊ ಮಾಡಲಿಕ್ಕೆ. ಹಾಡು ಮುಂಚೆಯೇ ಮನೆಯಲ್ಲಿ ರೆಕಾರ್ಡ್ ಆಗಿರುತ್ತದೆ. ಅಲಮಾರಿಯ ಬಾಗಿಲು ತೆರೆದು, ಎರಡೂ ಕಡೆ ಚಾದರ ಇಳಿಬಿಟ್ಟು, ಧ್ವನಿ ಗುಂಯ್ ಅನ್ನದ ಹಾಗೆ ಮಾಡಿಕೊಂಡು ಹಾಡುತ್ತಾರೆ. ಓಲ್ಡ್ ಗೋವಾದಲ್ಲಿ ಅದನ್ನೇ ಬ್ಲೂಟೂತ್ ಸ್ಪೀಕರಿನಲ್ಲಿ ಹಾಕಿ ತುಟಿ ಆಡಿಸುವುದು, ಮೊಬೈಲಿನಲ್ಲಿ ಶೂಟ್ ಮಾಡುವುದು. ಮೊದಲನೇ ವಿಡಿಯೊದಲ್ಲಿ ಅತ್ತೆ ಬೀಸುವ ಪದ ಹಾಡಿದ್ದಾರಂತೆ. ಓದುವಾಗ ನನಗೂ ಅವರ ಜೊತೆ ಹೋಗಬೇಕು ಅನ್ನಿಸಿತು.

ಎರಡು ತಿಂಗಳ ಹಿಂದೆ ಒಂದು ದೆವ್ವದ ಹಾಡು ಮಾಡಿದರು. ಜಾಗ, ಸಂತ ಅಗಸ್ಟಿನ್ ಗೋಪುರದ ಸುತ್ತಲಿನ ಪಾಳುಗೋಡೆಗಳು. ಅವತ್ತಿನಿಂದ ಮಗ ರಾತ್ರಿ ಎರಡು ಗಂಟೆಗೆ ಚಿಟ್ಟನೆ ಚೀರಿ ಏಳುತ್ತಾನೆ. ಬಚ್ಚಲಿಗೆ ಒಬ್ಬನೇ ಹೋಗುವುದಿಲ್ಲ. "ಆ ಹಾಳೂರಾಗ ಹುಡುಗ್ಗ ಗಾಳಿ ಬಡದೈತಿ, ಇನ್ನ ಅಲ್ಲಿಗೆ ಕಾಲಿಡಬ್ಯಾಡ್ರಿ" ಅಂತಾರೆ ಅತ್ತೆ. ಗಂಡ ಇದನ್ನು ಒಪ್ಪುವುದಿಲ್ಲ. ಅತ್ತೆ, ಗಂಡ ಇಬ್ಬರೂ ಒಬ್ಬರಿಗೊಬ್ಬರು ಮಾತು ಬಿಟ್ಟಿದ್ದಾರೆ. ಪತ್ರದ ಪ್ರಶ್ನೆ ಇದು: "ಆ ಊರಲ್ಲಿ ನಿಜವಾಗಿಯೂ ಏನಾದರೂ ಇದೆಯಾ? ವಿಡಿಯೊ ಮಾಡೋದು ನಿಲ್ಲಿಸಬೇಕಾ?"

ನೋಡಿ ತಾಯಿ, ನಿಮ್ಮ ಪ್ರಶ್ನೆಗೆ ಆಮೇಲೆ ಬರುತ್ತೇನೆ. ನೀವು ಕೊನೆಯ ಪುಟದಲ್ಲಿ ಅರ್ಧ ಸಾಲು ಬರೆದಿದ್ದೀರಿ: "ಈಗೀಗ ಮಲಗೋ ಮುಂಚೆ ನನ್ನ ಮೊಬೈಲ್ ಮೇಲೆ ಟವೆಲ್ ಹಾಕ್ತಾನೆ, ಏನೋ ಹೊಸ ಆಟ." ಅದು ಆಟ ಅಲ್ಲ. ಗಾಳಿಗೆ ಹೆದರಿದ ಹುಡುಗ ಕಿಟಕಿ ಮುಚ್ಚುತ್ತಾನೆ, ಕತ್ತಲೆಗೆ ಹೆದರಿದವನು ದೀಪ ಕೇಳುತ್ತಾನೆ. ನಿಮ್ಮ ಮಗ ಮುಚ್ಚುತ್ತಿರುವುದು ಮೊಬೈಲನ್ನು. ಅದೂ ಅಪ್ಪನದಲ್ಲ, ಕಾಕಾನದಲ್ಲ, ನಿಮ್ಮದನ್ನು.

ಅದಕ್ಕೇ ಪತ್ರದ ನಡುವಿನ ಆ ಇನ್ನೊಂದು ಸಾಲನ್ನು ಮತ್ತೆ ಓದಿದೆ. "ಮೈದುನ ಸ್ವಲ್ಪ ತಮಾಷೆ ಮಾಡಿದ್ದ, ಆದರೆ ಶಾಟ್ ತುಂಬಾ ಚೆನ್ನಾಗಿ ಬಂತು." ಅವನು ಮಾಡಿದ್ದೇನು? ಹುಡುಗನನ್ನು ಗೋಡೆಯ ಮೂಲೆಯಲ್ಲಿ ಒಬ್ಬನೇ ನಿಲ್ಲಿಸಿ, ಹಾಡು ಶುರುವಾದಾಗ ಓಡಿ ಬಾ ಅಂತ ಹೇಳಿದ. ಸ್ಪೀಕರನ್ನು ಅವನಿಗೆ ಗೊತ್ತಾಗದ ಹಾಗೆ ಹಿಂದಿನ ಸಂದಿಯಲ್ಲಿ ಇಟ್ಟ. ಹಾಡಿನ ಬದಲು ಹೆಂಗಸೊಬ್ಬಳು ಚೀರುವ ಶಬ್ದ ಹಾಕಿದ. ಹುಡುಗ ಕಿರುಚಿಕೊಂಡು, ಎಡವಿ ಬಿದ್ದು, ಎದ್ದು ಓಡಿ ಬಂದ. ಮೊಬೈಲ್ ಹಿಡಿದಿದ್ದವರು ನೀವು. ಏನು ನಡೆಯುತ್ತದೆ ಅಂತ ನಿಮಗೆ ಮೊದಲೇ ಗೊತ್ತಿರಲಿಲ್ಲ ಅಂತ ಬರೆದಿದ್ದೀರಿ, ನಂಬುತ್ತೇನೆ. ಆದರೆ ಆ ಹುಡುಗನ ಕಣ್ಣಿಂದ ಒಂದು ಸಲ ನೋಡಿ. ಹೆದರಿದ ಮಗು ಮೊದಲು ಹುಡುಕುವುದು ಅಮ್ಮನ ಮುಖವನ್ನು. ಅವನು ಹುಡುಕಿದ. ಮುಖ ಇರಬೇಕಾದ ಕಡೆ ಮೊಬೈಲಿನ ಹಿಂಬದಿ ಇತ್ತು. ಅವನು ಹತ್ತಿರ ಬರುವವರೆಗೂ ಅದು ಕೆಳಗಿಳಿಯಲಿಲ್ಲ.

ಮುಂದಿನದನ್ನು ನೀವು ಖುಷಿಯಿಂದ ಬರೆದಿದ್ದೀರಿ. ಆ ಓಟವನ್ನು ಸ್ಲೋ ಮೋಷನ್ ಮಾಡಿ ಹಾಡಿನ ನಡುವೆ ಸೇರಿಸಿದ್ದು, ಬಂಧುಗಳ ಗ್ರೂಪಿನಲ್ಲಿ ಎಲ್ಲರೂ ಮೆಚ್ಚಿದ್ದು, ಮನೆಗೆ ಬಂದವರಿಗೆಲ್ಲ ಟಿವಿಯಲ್ಲಿ ಹಾಕಿ ತೋರಿಸಿದ್ದು. ಪ್ರತಿ ಸಲವೂ ಹುಡುಗ ಅಲ್ಲೇ ಕೂತಿದ್ದ. ತಾನು ಅತ್ತದ್ದನ್ನು ನೋಡಿ ದೊಡ್ಡವರೆಲ್ಲ ನಗುವುದನ್ನು ನೋಡುತ್ತಿದ್ದ.

ನನಗೆ ಏಳು ವರ್ಷ ಇದ್ದಾಗ ಸೋದರಮಾವ ಒಬ್ಬ ನನ್ನನ್ನು ಕಾಳು ತುಂಬಿಡುವ ನೆಲಗುಂಡಿ, ಖಾಲಿ ಹಗೇವಿನ ಬಾಯಿಯ ಹತ್ತಿರ ಕರೆದೊಯ್ದು, ಒಳಗೆ ಬಗ್ಗಿಸಿ, ತಾನೇ ಗೊಗ್ಗರು ಧ್ವನಿಯಲ್ಲಿ ನನ್ನ ಹೆಸರು ಕೂಗಿದ್ದ. ಜೋಳದ ಮುಗ್ಗಲು ವಾಸನೆ ಇವತ್ತಿಗೂ ಮೂಗಿನಲ್ಲಿದೆ. ಅಂಗಳದಲ್ಲಿ ಇದ್ದವರೆಲ್ಲ ನಕ್ಕರು. ಅರವತ್ತು ದಾಟಿದ್ದೇನೆ. ಆ ಧ್ವನಿ ಮರೆತಿದೆ, ಆ ನಗು ಮರೆತಿಲ್ಲ. ಮಕ್ಕಳ ಹೆದರಿಕೆ ದೊಡ್ಡವರ ಮನರಂಜನೆ ಅಲ್ಲ ಅಂತ ಈ ಅಂಕಣದಲ್ಲಿ ಎಷ್ಟೋ ಸಲ ಬರೆದಿದ್ದೇನೆ. ಬರೆಯುತ್ತಲೇ ಇರುತ್ತೇನೆ.

ನಿಮ್ಮ ಮೈದುನನಿಗೆ ಇಪ್ಪತ್ತಾರು ವರ್ಷ. ಹುಡುಗಾಟಿಕೆಯ ವಯಸ್ಸಲ್ಲ. ಅವನು ಮಾಡಿದ್ದು ತಪ್ಪು, ಅದಕ್ಕೆ ತಮಾಷೆ ಅಂತ ಹೆಸರಿಡಬೇಡಿ. ನಿಮ್ಮ ಗಂಡ ಆ ಹೊತ್ತಿಗೆ ನೀರಿನ ಬಾಟಲಿ ತರಲು ಹೋಗಿದ್ದರಂತೆ, ಅವರನ್ನು ನಾನು ಬೈಯುವುದಿಲ್ಲ. ಆದರೆ ಅತ್ತೆಯನ್ನು ಎಲ್ಲರೂ ಸೇರಿ ಮೂಲೆಗೆ ತಳ್ಳಿದ್ದೀರಲ್ಲ, ಅದು ನನಗೆ ಹಿಡಿಸಲಿಲ್ಲ. ಅವರು ಹೇಳಿದ ಕಾರಣ ಸರಿಯಿಲ್ಲದಿರಬಹುದು. ಕಂಡದ್ದು ಮಾತ್ರ ಸರಿ. ಹುಡುಗನಿಗೆ ಏನೋ ಆಗಿದೆ ಅಂತ ಆ ಮನೆಯಲ್ಲಿ ಮೊದಲು ಹೇಳಿದವರು ಅವರೊಬ್ಬರೇ. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿ, ರಾತ್ರಿಯೆಲ್ಲ ಮೊಮ್ಮಗನ ಕೈ ಹಿಡಿದು ಮಲಗಿದರು. ಆ ಕೈ ಹಿಡಿದದ್ದು ಔಷಧಿ.

ಈಗ ನಿಮ್ಮ ಪ್ರಶ್ನೆ. ಆ ಊರಲ್ಲಿ ಏನಿದೆ? ಸುಮ್ನೆ ಏನೂ ಇಲ್ಲ ಅಂದರೆ ಹುಡುಗ ನಂಬುವುದಿಲ್ಲ. ಇರುವುದನ್ನೇ ಹೇಳಿ. ಓಲ್ಡ್ ಗೋವಾ ಒಂದು ಕಾಲಕ್ಕೆ ತುಂಬಿ ತುಳುಕುತ್ತಿದ್ದ ರಾಜಧಾನಿ. ಪ್ಲೇಗು, ಮಲೇರಿಯಾ, ಕಾಲರಾ ಬಂದು ಜನ ಸತ್ತರು, ಉಳಿದವರು ಬಿಟ್ಟು ಹೋದರು. 1843ರಲ್ಲಿ ಪಣಜಿ ಅಧಿಕೃತ ರಾಜಧಾನಿ ಆಯಿತು. ನೀವು ಶೂಟ್ ಮಾಡಿದ ಆ ಗೋಪುರ 46 ಮೀಟರ್ ಎತ್ತರ ಇತ್ತು, ಜಂಬಿಟ್ಟಿಗೆಯದು. 1835ರಲ್ಲಿ ಪೋರ್ಚುಗೀಸ್ ಸರ್ಕಾರ ಪಾದ್ರಿಗಳ ಮಠಗಳನ್ನು ಮುಚ್ಚಿಸಿದ ಮೇಲೆ ನೋಡಿಕೊಳ್ಳುವವರು ಇರಲಿಲ್ಲ. 1842ರಲ್ಲಿ ಚರ್ಚಿನ ಚಾವಣಿ ಬಿತ್ತು, 1931ರಲ್ಲಿ ಮುಂಭಾಗ ಮತ್ತು ಗೋಪುರದ ಅರ್ಧ ಬಿತ್ತು. ಮಳೆ ಬಿದ್ದು, ಬೇರು ಇಳಿದು, ಕಲ್ಲು ಸಡಿಲ ಆಗಿ ಬಿದ್ದದ್ದು. ಯಾರೂ ದೂಡಿದ್ದಲ್ಲ. ಅದರ ಗಂಟೆ ಈಗಲೂ ಬಾರಿಸುತ್ತದೆ. ಪಣಜಿಯ ನಡುವೆ ಬಿಳಿ ಮೆಟ್ಟಿಲಿನ ಚರ್ಚ್ ಇದೆಯಲ್ಲ, 1871ರಿಂದ ಅದು ಅಲ್ಲಿದೆ. ಮಗನನ್ನು ಕರೆದುಕೊಂಡು ಹೋಗಿ ತೋರಿಸಿ.

ಅಲ್ಲಿ ಮೂಳೆ ಸಿಕ್ಕಿದ್ದವಂತೆ ಅಂತ ಅತ್ತೆ ಕೇಳಿದ್ದಾರೆ. ಅದೂ ನಿಜ, ಮುಚ್ಚಿಡಬೇಡಿ. ಜಾರ್ಜಿಯಾ ದೇಶದ ರಾಣಿ ಕೆಟೆವಾನ್ 1624ರಲ್ಲಿ ಪರ್ಷಿಯಾದಲ್ಲಿ ಧರ್ಮ ಬಿಡಲು ಒಪ್ಪದೆ ಪ್ರಾಣ ಕೊಟ್ಟಳು. ಅವಳ ಮೂಳೆಗಳಲ್ಲಿ ಕೆಲವನ್ನು ಪಾದ್ರಿಗಳು ಇಲ್ಲಿಗೆ ತಂದು ಇಟ್ಟಿದ್ದರು. ಪುರಾತತ್ವದವರು ಅಗೆದು ತೆಗೆದರು, ಹೈದರಾಬಾದಿನ ಪ್ರಯೋಗಾಲಯದಲ್ಲಿ ಡಿಎನ್ಎ ಪರೀಕ್ಷೆ ಆಯಿತು, 2021ರಲ್ಲಿ ನಮ್ಮ ಸರ್ಕಾರ ಅವುಗಳ ಒಂದು ಭಾಗವನ್ನು ಜಾರ್ಜಿಯಾಕ್ಕೆ ಒಪ್ಪಿಸಿತು. ಸುಮಾರು ನಾಲ್ಕು ನೂರು ವರ್ಷದ ಮೇಲೆ ರಾಣಿ ತನ್ನ ಊರಿಗೆ ಹೋದಳು. ಇದನ್ನು ಅತ್ತೆಗೇ ಮೊದಲು ಹೇಳಿ. ಮೊಮ್ಮಗನಿಗೆ ಅವರು ಹೇಳಿದರೆ ಅದು ಅಜ್ಜಿಯ ಕಥೆ ಆಗುತ್ತದೆ. ಇನ್ನೊಂದು ಮಾತು. 1510ಕ್ಕೆ ಮುಂಚೆ ಆ ಊರು ನಿಮ್ಮ ಬಿಜಾಪುರದ ಆದಿಲ್‌ಶಾಹಿಗಳ ಕೈಯಲ್ಲಿತ್ತು. ಸಂತ ಕಜೆಟನ್ ಚರ್ಚಿನ ಹತ್ತಿರ ಅವರ ಅರಮನೆಯ ಕಪ್ಪುಕಲ್ಲಿನ ಬಾಗಿಲು ಈಗಲೂ ನಿಂತಿದೆ. ಗೋಲಗುಮ್ಮಟದ ಊರಿನ ಹುಡುಗನಿಗೆ ಅದು ಪರಕೀಯ ಜಾಗ ಅಲ್ಲ.

ವಿಡಿಯೊ ನಿಲ್ಲಿಸಬೇಡಿ. ಒಂದು ಮನೆಯ ಮೂರು ತಲೆಮಾರು ಒಟ್ಟಿಗೆ ಹಾಡುವುದು ಈಗ ಎಲ್ಲಿದೆ ಹೇಳಿ? ಆದರೆ ನಾನು ಹೇಳುವ ಒಂದು ಕೆಲಸ ಆಗುವ ತನಕ ಕ್ಯಾಮೆರಾ ಮುಟ್ಟಬೇಡಿ.

ಆ ವಿಡಿಯೊ ಅಳಿಸಿ. ಹುಡುಗನ ಎದುರೇ ಅಳಿಸಿ. ಆ ತುಣುಕನ್ನು ಮಾತ್ರ ಕತ್ತರಿಸಿದರೆ ಸಾಲದು, ಇಡೀ ಹಾಡು ಹೋಗಲಿ. ಗ್ರೂಪಿನಲ್ಲಿ, ಟಿವಿಯ ಪೆನ್‌ಡ್ರೈವಿನಲ್ಲಿ, ಮೈದುನನ ಮೊಬೈಲಿನಲ್ಲಿ, ಎಲ್ಲಿದ್ದರೂ ಹೋಗಲಿ. ಬಂಧುಗಳಿಗೂ ಅಳಿಸಲು ಹೇಳಿ. ಕೊನೆಯ ಬಟನ್ ಒತ್ತುತ್ತೀಯಾ ಅಂತ ಮಗನನ್ನು ಕೇಳಿ. ಒತ್ತಿದರೆ ಸರಿ, ಇಲ್ಲದಿದ್ದರೆ ನೀವು ಒತ್ತಿ. ಆಮೇಲೆ ಮೊಬೈಲನ್ನು ಬೇರೆ ಕೋಣೆಯಲ್ಲಿ ಇಟ್ಟು ಬಂದು, ಅವನ ಎದುರು ಕೂತು ಹೇಳಿ: "ನೀನು ಹೆದರಿದಾಗ ನಾನು ಮೊಬೈಲ್ ಕೆಳಗಿಟ್ಟು ನಿನ್ನನ್ನು ಎತ್ತಿಕೊಳ್ಳಬೇಕಿತ್ತು. ಎತ್ತಿಕೊಳ್ಳಲಿಲ್ಲ. ನನ್ನದು ತಪ್ಪಾಯಿತು." ಇಷ್ಟೇ ಹೇಳಿ. ಬುದ್ಧಿಮಾತು ಸೇರಿಸಬೇಡಿ.

ಮೈದುನನೂ ಅದೇ ಕೋಣೆಯಲ್ಲಿ ಇರಬೇಕು. "ಆ ಶಬ್ದ ಹಾಕಿದ್ದು ನಾನೇ, ಸ್ಪೀಕರ್ ಇಟ್ಟಿದ್ದು ನಿನ್ನ ಹಿಂದಿನ ಸಂದಿಯಲ್ಲಿ" ಅಂತ ಅವನ ಬಾಯಿಂದಲೇ ಬರಬೇಕು. ಶಬ್ದವನ್ನು ಮತ್ತೆ ಕೇಳಿಸುವುದು ಬೇಡ, ಹುಡುಗನೇ ಕೇಳಿದರೆ ಬೇರೆ ಮಾತು.

ಇದಾದ ಮೇಲೂ ಎರಡು ಮೂರು ವಾರದಲ್ಲಿ ನಿದ್ದೆ ಸರಿಹೋಗದಿದ್ದರೆ ತಡ ಮಾಡಬೇಡಿ. ಬಾಂಬೋಳಿಯಲ್ಲಿ ಸರ್ಕಾರದ ಮನೋಚಿಕಿತ್ಸಾ ಸಂಸ್ಥೆ ಇದೆ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಕನ್ನಡದಲ್ಲೂ ಮಾತಾಡುತ್ತಾರೆ, ದುಡ್ಡಿಲ್ಲ. ಹುಡುಗನಿಗೆ ಹುಚ್ಚು ಅಂತ ಯಾರೂ ಅನ್ನುವುದಿಲ್ಲ. ಹೆದರಿದ ಮಕ್ಕಳನ್ನು ಅವರು ದಿನಾ ನೋಡುತ್ತಾರೆ.

ಓಲ್ಡ್ ಗೋವಾಕ್ಕೆ ಮತ್ತೆ ಯಾವಾಗ ಹೋಗಬೇಕು ಅಂತ ಹುಡುಗ ಹೇಳಲಿ. ಹೋದಾಗ ಬೆಳಗ್ಗೆ ಒಂಬತ್ತಕ್ಕೆ ಹೋಗಿ, ಬಿಸಿಲು ಬರುವ ಹೊತ್ತಿಗೆ. ಟ್ರೈಪಾಡ್ ಬೇಡ, ಸಂರಕ್ಷಿತ ಸ್ಮಾರಕದಲ್ಲಿ ಅದಕ್ಕೆ ಮುಂಚೆಯೇ ಅನುಮತಿ ಬೇಕು. ಅಷ್ಟಕ್ಕೂ ಮೊದಲ ದಿನ ಶೂಟಿಂಗೇ ಬೇಡ. ಆದಿಲ್‌ಶಾಹಿ ಬಾಗಿಲಿನ ಮೆಟ್ಟಿಲ ಹತ್ತಿರ ಕೂತು ಬುತ್ತಿ ಬಿಚ್ಚಿ. ಅತ್ತೆ ಬೀಸುವ ಪದ ಹಾಡಲಿ. ಮಗ ಅವರ ಪಕ್ಕ ಕೂರಲಿ, ನೀವು ಅವನಿಗೆ ಎದುರಾಗಿ ಕೂರಿ, ಕೈ ಖಾಲಿ ಇರಲಿ. ಅವನು ತಲೆ ಎತ್ತಿದಾಗೆಲ್ಲ ನಿಮ್ಮ ಮುಖ ಕಾಣಬೇಕು.

ಅವನು ಟವೆಲ್ ಹಾಕುವುದು ಬಿಟ್ಟ ದಿನ ನನಗೆ ಒಂದು ಸಾಲು ಬರೆಯಿರಿ. ಕಾಯುತ್ತಿರುತ್ತೇನೆ.